ಬಾರದ ಅತಿಥಿಗಳಿಗಾಗಿ ಕಟ್ಟಿದ ಮನೆ

ಮನೆಯನ್ನು ಕಟ್ಟಿಸುವುದು ಬೇರೆ, ಕಟ್ಟುವುದು ಬೇರೆ. ಕಟ್ಟಿಸಿದವರ ಹೆಸರು ಶಾಸನಗಳಲ್ಲಿಯೂ ದಫ್ತರಗಳಲ್ಲಿಯೂ ಉಳಿದು ಬರುತ್ತದೆ. ಇಟ್ಟಿಗೆಯ ಮೇಲೆ ಇಟ್ಟಿಗೆಯನ್ನಿಟ್ಟು ಕಟ್ಟಿದ ಗೌಂಡಿಯ ಹೆಸರು ಗಾರೆಯೊಡನೆ ಗಾರೆಯಾಗಿ ಬೆರೆತುಹೋಗುತ್ತದೆ. ಇದು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ನಡೆದು ಬಂದಿರುವ ಸಂಗತಿ. ಆದರೆ ಇದಕ್ಕೆ ಅಪವಾದವೆಂಬಂತೆ, ದೊರೆಯ ಹಣದಿಂದ ಕಟ್ಟಿದ್ದರೂ ಪರದೇಶದಿಂದ ಬಂದ ಕಟ್ಟಡಗಾರನ ಹೆಸರಿನಿಂದಲೇ ಇಂದು ಕರೆಯಲ್ಪಡುವ ಇಟ್ಟಿಗೆಯ ಮನೆಯೊಂದು ಜರ್ಮನಿಯಲ್ಲಿದೆ. ಸುಮಾರು 290 ವರ್ಷಗಳ ಆ ಮನೆಯ ಕಥೆಯನ್ನು ಈ ಸಂಚಿಕೆಯಲ್ಲಿ ಓದುಗ ಬಂಧುಗಳ ಮುಂದಿಡಬೇಕೆಂದಿದ್ದೇನೆ.

ಬರ್ಲಿನ್ ನಗರದಿಂದ ನೈಋತ್ಯಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಪಾಟ್ಸ್‌ಡ್ಯಾಮ್ ಎಂಬ ಊರಿದೆ. ಎರಡನೆಯ ಮಹಾಯುದ್ಧ ಮುಗಿದ 1945ರ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಟ್ರೂಮನ್, ಸ್ಟ್ಯಾಲಿನ್, ಚರ್ಚಿಲ್ ಹಾಗೂ ಚರ್ಚಿಲರ ನಂತರ ಅಟ್ಲಿ ಅವರು ಸಮಾವೇಶಗೊಂಡ ಊರೆಂದು ಶಾಲೆಯ ಇತಿಹಾಸ ಪುಸ್ತಕಗಳಲ್ಲಿ ನಾವು ಓದಿರುತ್ತೇವೆ. ಆ ಊರಿನ ನಡುವೆ ಕೆಂಪು ಇಟ್ಟಿಗೆಯ 134 ಮನೆಗಳು ನಾಲ್ಕು ಚೌಕಗಳಾಗಿ ನಿಂತಿವೆ. ಅವುಗಳಿಗೆ ಗಿಲಾವು ಇಲ್ಲ. ಕೆಂಪು ಗೋಡೆಯಲ್ಲಿ ಸಂದುಗಳ ಬಿಳಿಯ ಗೆರೆಗಳು, ಬಿಳಿಯ ಕಿಟಕಿ ಚೌಕಟ್ಟುಗಳು, ಅವುಗಳ ಇಕ್ಕೆಲಗಳಲ್ಲಿ ಬಣ್ಣ ಬಳಿದ ಮರದ ಕದಗಳು, ನೆತ್ತಿಯಲ್ಲಿ ಬಾಗಿ ಬಳುಕಿ ಮೇಲೇರುವ ಮುಂಗೋಡೆ. ಸುತ್ತಲಿನ ಊರೆಲ್ಲ ಗಿಲಾವು ಮಾಡಿ ತಿಳಿಬಣ್ಣ ಬಳಿದ ಜರ್ಮನ್ ಕಟ್ಟಡಗಳಿಂದ ತುಂಬಿದ್ದರೆ ಈ ನಾಲ್ಕು ಚೌಕಗಳು ಮಾತ್ರ ಬೇರೆ ಯಾವುದೋ ದೇಶದಿಂದ ಕಿತ್ತು ತಂದು ನೆಟ್ಟಂತೆ ಕಾಣುತ್ತವೆ. ಊರವರು ಇದನ್ನು ಡಚ್ಚರ ಕೇರಿ ಎಂದೇ ಕರೆಯುತ್ತಾರೆ. ನೆದರ್ಲೆಂಡ್ಸಿನ ಹೊರಗೆ ಯುರೋಪಿನಲ್ಲಿ ಡಚ್ ಮಾದರಿಯ ಇಷ್ಟು ಮನೆಗಳು ಒಂದೆಡೆ ಇರುವುದು ಇಲ್ಲಿಯೇ ಎಂಬ ಖ್ಯಾತಿ ಇದಕ್ಕಿದೆ. ಕೆಳದಿಯ ನಾಯಕರ ಕಾಲದಲ್ಲಿ ನಮ್ಮ ಬಸರೂರಿನ ಬಂದರಿನಲ್ಲಿ ವ್ಯಾಪಾರದ ಕೋಠಿಯನ್ನಿಟ್ಟಿದ್ದವರೂ ಇದೇ ಡಚ್ಚರು. ಅಲ್ಲಿಗೆ ಅವರು ತಾವಾಗಿ ಬಂದರು. ಪಾಟ್ಸ್‌ಡ್ಯಾಮಿಗಾದರೋ ಅವರನ್ನು ಆದರದಿಂದ ಕರೆಯಲಾಯಿತು.

ಕರೆದವನು ಪ್ರಷ್ಯದ ದೊರೆ ಒಂದನೆಯ ಫ್ರೆಡರಿಕ್ ವಿಲಿಯಂ. ಇತಿಹಾಸಕಾರರು ಇವನಿಗೆ ಸೈನಿಕ ದೊರೆ ಎಂಬ ಅಡ್ಡಹೆಸರನ್ನು ಕೊಟ್ಟಿದ್ದಾರೆ. 1713ರಲ್ಲಿ ಪಟ್ಟಕ್ಕೆ ಬಂದೊಡನೆ ತಂದೆಯ ಕಾಲದ ಆಸ್ಥಾನದ ಆಡಂಬರವನ್ನೆಲ್ಲ ಕಡಿತಗೊಳಿಸಿ, ಉಳಿದ ಹಣವನ್ನು ಸೈನ್ಯಕ್ಕೆ ಸುರಿದವನು ಇವನು. ಸುಮಾರು 40,000 ಇದ್ದ ಸೈನ್ಯ ಇವನ ಕಾಲಕ್ಕೆ 80,000ವನ್ನು ಮೀರಿತು. ಎತ್ತರದ ಆಳುಗಳೆಂದರೆ ಇವನಿಗೆ ವಿಲಕ್ಷಣವಾದ ಮೋಹ. ಅಂಥವರನ್ನೇ ಆರಿಸಿ ಪಾಟ್ಸ್‌ಡ್ಯಾಮಿನಲ್ಲಿ ಒಂದು ಪಡೆಯನ್ನೇ ಕಟ್ಟಿದ್ದನು. 1716ರಲ್ಲಿ ಅಂಬರಿನ ಫಲಕಗಳಿಂದ ಅಲಂಕೃತವಾದ ಇಡಿಯ ಕೋಣೆಯೊಂದನ್ನು ರಷ್ಯದ ಪೀಟರ್ ದೊರೆಗೆ ಉಡುಗೊರೆಯಾಗಿ ಕಳುಹಿಸಿ, ಪ್ರತಿಯಾಗಿ ಎತ್ತರದ ಸೈನಿಕರನ್ನು ಪಡೆದನೆಂದರೆ ಇವನ ಅಭಿರುಚಿ ಯಾವ ಕಡೆಗಿತ್ತೆಂಬುದು ತಿಳಿಯುತ್ತದೆ. ಒರಟು ಮನುಷ್ಯ, ಮುಂಗೋಪಿ. ಸ್ವಂತ ಮಗನನ್ನೇ ಸೆರೆಯಲ್ಲಿಟ್ಟವನು. ಇಂತಹವನು ಇಷ್ಟು ಅಂದವಾದ ಕೇರಿಯೊಂದನ್ನು ಕಟ್ಟಿಸಿದನೆಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುತ್ತದೆ.

ಆದರೆ ಅವನಿಗೆ ಬೇಕಾಗಿದ್ದುದು ಅಂದವಲ್ಲ, ಜನ. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಬ್ರಾಂಡೆನ್‌ಬರ್ಗ್ ಪ್ರಾಂತ ಹಾಳುಸುರಿದಿತ್ತು. 1709ರಿಂದ ಮುಂದಿನ ಎರಡು ವರ್ಷಗಳಲ್ಲಿ ಪೂರ್ವ ಪ್ರಷ್ಯದ ಊರೂರುಗಳನ್ನು ಪ್ಲೇಗು ಬರಿದು ಮಾಡಿತು. ನೆಲವಿದೆ, ಉಳುವವರಿಲ್ಲ. ಪೇಟೆಯಿದೆ, ಕಸಬುದಾರರಿಲ್ಲ. ಆದ್ದರಿಂದ ಬೇರೆಡೆ ಧರ್ಮದ ಕಾರಣಕ್ಕೆ ಕಿರುಕುಳಕ್ಕೊಳಗಾದವರನ್ನು ಕರೆದು ನೆಲೆಗೊಳಿಸುವುದು ಈ ರಾಜಮನೆತನದ ಪರಂಪರೆಯೇ ಆಗಿತ್ತು. 1685ರಲ್ಲಿ ಇವನ ಅಜ್ಜ ಪಾಟ್ಸ್‌ಡ್ಯಾಮಿನಿಂದಲೇ ಶಾಸನವೊಂದನ್ನು ಹೊರಡಿಸಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರಿಗೆ ಆಶ್ರಯ ಕೊಟ್ಟನು. ಸುಮಾರು 20,000 ಮಂದಿ ಬಂದು ನೆಲೆಸಿದರು. 1732ರಲ್ಲಿ ಸಾಲ್ಸ್‌ಬರ್ಗಿನ ಬಿಷಪ್ಪನು ಹೊರಗಟ್ಟಿದ ಸಾವಿರಾರು ಕುಟುಂಬಗಳನ್ನು ಇವನೇ ಬರಮಾಡಿಕೊಂಡನು. ಕೋವಿ ತಯಾರಿಸಲೆಂದು ಲಿಯೆಜ್ ಪ್ರದೇಶದಿಂದ ಬಂದ ಕಮ್ಮಾರರು ಕ್ಯಾಥೊಲಿಕರಾಗಿದ್ದರೆ, ಪ್ರಾಟೆಸ್ಟೆಂಟನಾದ ದೊರೆ ಅವರ ಪೂಜೆಗೂ ಊರಿನಲ್ಲಿ ಸ್ಥಳ ಮಾಡಿಕೊಟ್ಟನು. ಇದನ್ನು ಔದಾರ್ಯವೆನ್ನುವವರು ಔದಾರ್ಯವೆನ್ನಲಿ. ಅದರಲ್ಲಿ ಲೆಕ್ಕಾಚಾರದ ಪಾಲೇ ಹೆಚ್ಚೆಂದು ನನಗೆ ತೋರುತ್ತದೆ. ಆದರೂ ಆ ಲೆಕ್ಕಾಚಾರದಿಂದ ಎಷ್ಟೋ ಸಂಸಾರಗಳಿಗೆ ತಲೆಯ ಮೇಲೊಂದು ಸೂರು ದೊರೆಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ.

ಡಚ್ಚರೇ ಏಕೆ ಬೇಕಾದರು ಎಂಬ ಪ್ರಶ್ನೆಗೆ ಉತ್ತರ ಅವನ ಬಾಲ್ಯದಲ್ಲಿದೆ. ಅವನ ಅಜ್ಜಿ ಲೂಯಿಸ್ ಹೆನ್ರಿಯೆಟ್ ಹಾಲೆಂಡಿನ ಆರೆಂಜ್ ಮನೆತನದ ಹೆಣ್ಣುಮಗಳು. ಇವನು ಹುಟ್ಟುವ ಮೊದಲೇ ಆಕೆ ತೀರಿಕೊಂಡಿದ್ದರೂ ಆಕೆ ತಂದ ಹಾಲೆಂಡಿನ ಅಭಿಮಾನ ಮನೆತನದಲ್ಲಿ ಉಳಿದಿತ್ತು. ರಾಜಕುಮಾರನಾಗಿದ್ದಾಗ ಇವನೂ ಆ ದೇಶಕ್ಕೆ ಹೋಗಿ ಬಂದಿದ್ದನು. ಸಮುದ್ರಮಟ್ಟಕ್ಕಿಂತ ತಗ್ಗಾದ ನೆಲವನ್ನು ಒಡ್ಡು ಹಾಕಿ ಕಾಲುವೆ ತೋಡಿ ಹಸನು ಮಾಡಿಕೊಂಡ ಜನ, ತೊಳೆದಿಟ್ಟಂತಹ ಬೀದಿಗಳು, ಇಕ್ಕಟ್ಟಾದರೂ ಅಚ್ಚುಕಟ್ಟಾದ ಇಟ್ಟಿಗೆಯ ಮನೆಗಳು. ಮಿತವ್ಯಯಿಯೂ ಕಾರ್ಯಪ್ರಿಯನೂ ಆದ ದೊರೆಗೆ ಇವೆಲ್ಲ ಮನಸ್ಸಿಗೆ ಬಂದವು. ಪಾಟ್ಸ್‌ಡ್ಯಾಮ್ ಕೂಡ ಹಾವೆಲ್ ನದಿಯ ಕೆರೆ-ಕುಂಟೆಗಳ ನಡುವಿನ ಜೌಗು ನೆಲ. ಜೌಗಿನಲ್ಲಿ ಮನೆ ಕಟ್ಟಲು ಬಲ್ಲವರು ಡಚ್ಚರು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಬ್ರಾಂಡೆನ್‌ಬರ್ಗಿಗೆ ಅವರ ಬರವು ಇದೇ ಮೊದಲೇನೂ ಅಲ್ಲ. 12ನೆಯ ಶತಮಾನದಲ್ಲಿಯೇ ಈ ಪ್ರಾಂತದ ಆಳರಸ ಆಲ್ಬ್ರೆಕ್ಟ್‌ನು ಹಾಲೆಂಡ್ ಮತ್ತು ಫ್ಲ್ಯಾಂಡರ್ಸಿನವರನ್ನು ಕರೆಸಿ ನೆಲೆಗೊಳಿಸಿದ್ದನು. ಪಾಟ್ಸ್‌ಡ್ಯಾಮಿನ ನೈಋತ್ಯಕ್ಕಿರುವ ಗುಡ್ಡಗಾಡು ಇಂದಿಗೂ ಅವರ ಹೆಸರನ್ನೇ ಹೊತ್ತು ಫ್ಲೆಮಿಂಗ್ ಎಂದು ಕರೆಯಿಸಿಕೊಳ್ಳುತ್ತಿದೆ.

1732ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಪಾಟ್ಸ್‌ಡ್ಯಾಮಿಗೆ ಬಂದವರ ಪೈಕಿ ಯಾನ್ ಬೌಮನ್ ಎಂಬ 26 ವರ್ಷದ ತರುಣನಿದ್ದನು. ಮೂಲತಃ ಬಡಗಿಯ ಕಸಬಿನವನು. ಮರುವರ್ಷ, ಅಂದರೆ 1733ರಲ್ಲಿ, ಊರಿನ ಎರಡನೆಯ ವಿಸ್ತರಣೆಯ ಕೆಲಸ ಪ್ರಾರಂಭವಾಯಿತು. ಅದರ ಈಶಾನ್ಯ ಮೂಲೆಯಲ್ಲಿ ಡಚ್ಚರಿಗಾಗಿ ನಾಲ್ಕು ಚೌಕಗಳನ್ನು ಗುರುತು ಹಾಕಲಾಯಿತು. ಕೆಲಸದ ಮೇಲ್ವಿಚಾರಣೆ ಬೌಮನ್ನನ ಪಾಲಿಗೆ ಬಂತು. ಅವನೊಡನೆ ಅವನ ನಾಡಿನ ಗೌಂಡಿಗಳು, ಬಡಗಿಗಳು ಸೇರಿದರು.

ಕೆಲಸ ಎಷ್ಟು ಕಷ್ಟದ್ದೆಂಬುದನ್ನು ಮನೆ ಕಟ್ಟಿಸಿ ಅನುಭವವುಳ್ಳ ಓದುಗರು ಬೇಗನೆ ಗ್ರಹಿಸಬಲ್ಲರು. ಬುನಾದಿ ತೆಗೆದರೆ ನೀರು. ಗಟ್ಟಿ ನೆಲ ಸಿಗುವವರೆಗೆ ಅಗೆಯುತ್ತ ಹೋಗುವುದು ಅಂಥ ಕಡೆ ಸಾಧ್ಯವಿಲ್ಲ. ಡಚ್ಚರ ಪದ್ಧತಿಯೇ ಬೇರೆ. ಉದ್ದವಾದ ಮರದ ಕಂಬಗಳ ತುದಿಯನ್ನು ಚೂಪು ಮಾಡಿ, ಕೆಸರನ್ನು ಹಾದು ಕೆಳಗಿನ ಗಟ್ಟಿ ಮರಳಿನ ಪದರಕ್ಕೆ ಮುಟ್ಟುವವರೆಗೆ ಬಡಿದು ಇಳಿಸುವರು. ಆ ಕಂಬಗಳ ತಲೆಯನ್ನು ಸಮಮಟ್ಟಕ್ಕೆ ಕತ್ತರಿಸಿ, ಅವುಗಳ ಮೇಲೆ ಅಡ್ಡ ತೊಲೆಗಳನ್ನು ಹಾಸಿ, ತೊಲೆಗಳ ಮೇಲೆ ಗೋಡೆಯನ್ನೆಬ್ಬಿಸುವರು. ಮರ ಕೊಳೆತುಹೋಗದೆ ಎಂದು ಕೇಳಬಹುದು. ಪೂರ್ತಿಯಾಗಿ ನೀರಿನಲ್ಲಿ ಮುಳುಗಿದ ಮರಕ್ಕೆ ಗಾಳಿಯ ಸಂಪರ್ಕವಿರುವುದಿಲ್ಲ. ಗಾಳಿಯಿಲ್ಲದೆ ಮರವನ್ನು ತಿನ್ನುವ ಶಿಲೀಂಧ್ರಗಳು ಬೆಳೆಯಲಾರವು. ಆದ್ದರಿಂದ ನೀರಿನ ಮಟ್ಟ ತಗ್ಗದಿರುವವರೆಗೆ ಆ ಕಂಬಗಳು ನೂರಾರು ವರ್ಷ ಹೊರೆ ಹೊರುತ್ತವೆ. ಒಮ್ಮೆ ನೆನೆದು ಒಮ್ಮೆ ಒಣಗಿದರೆ ಮಾತ್ರ ಕೇಡು. 1648ರಲ್ಲಿ ಆರಂಭವಾದ ಆಮ್‌ಸ್ಟರ್‌ಡ್ಯಾಮಿನ ಪುರಭವನ, ಅಂದರೆ ಇಂದಿನ ಅಲ್ಲಿನ ಅರಮನೆ, ನಿಂತಿರುವುದು ಇಂತಹ 13,659 ಮರದ ಕಂಬಗಳ ಮೇಲೆ. ಅಲ್ಲಿನ ಶಾಲೆಯ ಮಕ್ಕಳಿಗೆ ಈ ಸಂಖ್ಯೆ ಬಾಯಿಪಾಠ. ಆ ಊರಿನಲ್ಲಿ ಕಸಬು ಕಲಿತವನಿಗೆ ಪಾಟ್ಸ್‌ಡ್ಯಾಮಿನ ಜೌಗು ಹೊಸದಾಗಿ ಕಂಡಿರಲಾರದು.

ಜೌಗಿನ ನೀರನ್ನು ಬಸಿದು ಸಂಗ್ರಹಿಸಲು ಕೇರಿಯ ದಕ್ಷಿಣಕ್ಕೆ ದೊಡ್ಡ ಕೊಳವೊಂದನ್ನು ತೋಡಿದರು. ಆ ಕೊಳದ ನಡುವೆ ದೊರೆಗೆಂದು ಡಚ್ ಮಾದರಿಯ ಪುಟ್ಟ ಮಂಟಪವೊಂದನ್ನು ಕಟ್ಟಿದರು. ಹೊಗೆಸೊಪ್ಪಿನ ಚಿಲುಮೆ ಹಿಡಿದು ಗೆಳೆಯರೊಡನೆ ಹರಟುವುದು ಆ ಕಠಿಣ ಮನುಷ್ಯನ ಏಕೈಕ ವಿಲಾಸವಾಗಿತ್ತು.

ಇನ್ನು ಇಟ್ಟಿಗೆಯ ವಿಚಾರ. ಬ್ರಾಂಡೆನ್‌ಬರ್ಗಿನಲ್ಲಿ ಬಂಡೆಗಲ್ಲು ಇಲ್ಲ. ಮರಳು, ಕಾಡು, ಅಲ್ಲಲ್ಲಿ ಜೇಡಿಮಣ್ಣು. ಹೀಗಾಗಿ ಕಲ್ಲಿನ ಕೆಲಸವನ್ನೆಲ್ಲ ಸುಟ್ಟ ಇಟ್ಟಿಗೆಯೇ ಮಾಡಬೇಕು. ಗಿಲಾವಿನ ಮರೆಯಿಲ್ಲದ ಗೋಡೆಯಲ್ಲಿ ಗೌಂಡಿಯ ತಪ್ಪನ್ನು ಮುಚ್ಚಲು ಅವಕಾಶವೇ ಇಲ್ಲ. ಒಂದು ಸಾಲು ತೂಕ ತಪ್ಪಿದರೆ ಬೀದಿಯಲ್ಲಿ ಹೋಗುವವನಿಗೂ ಕಾಣುತ್ತದೆ. ಇಟ್ಟಿಗೆಯೂ ಸರಿಯಾಗಿ ಬೆಂದಿರಬೇಕು. ಹಸಿಬಿಸಿಯಾಗಿ ಸುಟ್ಟ ಇಟ್ಟಿಗೆ ನೀರನ್ನು ಹೀರುತ್ತದೆ. ಆ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಇಟ್ಟಿಗೆಯ ಮುಖವನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ನಮ್ಮ ಬಿಸಿಲುನಾಡಿನಲ್ಲಿ ಈ ಪೀಡೆಯಿಲ್ಲ. ಅಲ್ಲಿಯಾದರೋ ಪ್ರತಿ ಚಳಿಗಾಲವೂ ಗೋಡೆಗೊಂದು ಪರೀಕ್ಷೆ.

ಸಂದುಗಳಲ್ಲಿ ತುಂಬುವ ಗಾರೆ ಇಟ್ಟಿಗೆಗಿಂತ ಮೃದುವಾಗಿರಬೇಕೆಂಬುದು ಹಳೆಯ ಗೌಂಡಿಗಳ ನಿಯಮ. ಸುಣ್ಣದ ಗಾರೆ ಅಂತಹದು. ನೆಲ ಸ್ವಲ್ಪ ಕುಸಿದರೆ ಗೋಡೆಯೊಡನೆ ತಾನೂ ಬಾಗುತ್ತದೆ. ಒಳಗಿನ ತೇವವನ್ನು ಸಂದುಗಳ ಮೂಲಕ ಹೊರಕ್ಕೆ ಬಿಡುತ್ತದೆ. ಸವೆಯುವುದಾದರೆ ಗಾರೆ ಸವೆಯುತ್ತದೆ, ಇಟ್ಟಿಗೆ ಉಳಿಯುತ್ತದೆ. ಐವತ್ತೋ ನೂರೋ ವರ್ಷಕ್ಕೊಮ್ಮೆ ಸಂದುಗಳನ್ನು ಕೆರೆದು ಹೊಸ ಗಾರೆ ತುಂಬಿದರೆ ಗೋಡೆ ಮತ್ತೆ ಹೊಸದು. ಇತ್ತೀಚಿನ ಕಾಲದಲ್ಲಿ ಹಳೆಯ ಸುಣ್ಣದ ಗೋಡೆಗಳಿಗೆ ಸಿಮೆಂಟು ಬಳಿದು ಭದ್ರ ಮಾಡಿದೆವೆಂದು ತೃಪ್ತಿಪಡುವವರು ಎಲ್ಲೆಡೆಯೂ ಇದ್ದಾರೆ. ಸಿಮೆಂಟು ಇಟ್ಟಿಗೆಗಿಂತ ಗಟ್ಟಿ. ತೇವ ಒಳಗೇ ಸಿಕ್ಕಿಕೊಂಡು, ಕೊನೆಗೆ ಗಾರೆಯ ಬದಲು ಇಟ್ಟಿಗೆಯೇ ಪುಡಿಯಾಗುತ್ತದೆ. ಹಿರಿಯರ ಮನೆಯನ್ನು ರಿಪೇರಿ ಮಾಡಿಸಹೊರಟ ಗೃಹಸ್ಥರು ಈ ಒಂದು ಮಾತನ್ನಾದರೂ ಗಮನದಲ್ಲಿಡುವುದು ಲೇಸು.

ಕೇರಿಯನ್ನು ಎರಡು ಬೀದಿಗಳು ಅಡ್ಡಲಾಗಿ ಕತ್ತರಿಸುತ್ತವೆ. ಅವುಗಳಲ್ಲೊಂದು ಮಿಟೆಲ್‌ಸ್ಟ್ರಾಸೆ. ನಮ್ಮ ಮಾತಿನಲ್ಲಿ ನಡುಬೀದಿ. ಈ ನಡುಬೀದಿಯ 8ನೆಯ ಸಂಖ್ಯೆಯ ಮನೆಯೇ ನಾನು ಮೊದಲು ಹೇಳಿದ್ದು. 1735ರಲ್ಲಿ ಕಟ್ಟಿದ್ದು. ಬೀದಿಗೆ ಮುಖ ಮಾಡಿದ ಕಿರಿದಾದ ಮುಂಗೋಡೆ, ಅದರ ಹಿಂದೆ ಆಳವಾಗಿ ಚಾಚಿಕೊಂಡ ಮನೆ, ಮೇಲೆ ಕಡಿದಾದ ಇಳಿಜಾರಿನ ಹಂಚಿನ ಮಾಡು, ಮಾಡಿನ ಕೆಳಗೆ ಅಟ್ಟ. ಹಿಂದೆ ಅಂಗಳ, ಅಂಗಳದಲ್ಲಿ ಮರದ ಚೌಕಟ್ಟಿನ ಚಿಕ್ಕ ಕಟ್ಟಡ, ಅದರಾಚೆ ಹಿತ್ತಲ ತೋಟ. ಕಸಬುದಾರನ ಬಾಳುವೆಗೆ ಬೇಕಾದುದೆಲ್ಲ ಒಂದೇ ನಿವೇಶನದಲ್ಲಿ ಅಡಕವಾಗಿದೆ. ಇದು ಯಾವ ಅರಮನೆಯೂ ಅಲ್ಲ. ಇಂತಹ ಮನೆಗಳನ್ನು ಬೊಕ್ಕಸದ ಹಣದಿಂದ ಕಟ್ಟಿಸಿ, ಬಂದು ನೆಲೆಸುವ ಡಚ್ ಕುಶಲಕರ್ಮಿಗಳಿಗೆ ಉಚಿತವಾಗಿ ಕೊಡುವುದು ದೊರೆಯ ಸಂಕಲ್ಪವಾಗಿತ್ತು.

ಮನೆಗಳೇನೋ ಎದ್ದವು. ಆದರೆ ಅವುಗಳನ್ನು ತುಂಬಲು ಸಾಕಾಗುವಷ್ಟು ಡಚ್ಚರು ಬರಲಿಲ್ಲ.

ಕೆಲವರು ಬಂದರು, ನೆಲೆಸಿದರು, ನಿಜ. ದೊರೆ ಎಣಿಸಿದ್ದ ಸಂಖ್ಯೆಗೆ ಅದು ಏನೇನೂ ಸಾಲದು. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲವೆಂದು ನನ್ನ ಭಾವನೆ. ಫ್ರಾನ್ಸಿನವರಿಗೂ ಸಾಲ್ಸ್‌ಬರ್ಗಿನವರಿಗೂ ಸ್ವದೇಶದಲ್ಲಿ ಉಳಿಗಾಲವಿರಲಿಲ್ಲ. ಅವರು ಓಡಿ ಬಂದವರು. ಡಚ್ಚನಿಗೆ ಅಂತಹ ಸಂಕಟವೇನಿತ್ತು? ಹಾಲೆಂಡಿನಲ್ಲಿ ಕೂಲಿ ಚೆನ್ನಾಗಿತ್ತು, ಆರಾಧನೆಗೆ ಅಡ್ಡಿಯಿರಲಿಲ್ಲ. ಇಲ್ಲಿ ಪಾಟ್ಸ್‌ಡ್ಯಾಮಿನಲ್ಲಿ ಸುತ್ತಲೂ ಗೋಡೆ. ಆ ಗೋಡೆ ಇದ್ದುದು ಶತ್ರುಗಳನ್ನು ತಡೆಯಲು ಅಲ್ಲ, ಸುಂಕ ತಪ್ಪಿಸುವವರನ್ನೂ ಸೈನ್ಯದಿಂದ ಓಡಿಹೋಗುವವರನ್ನೂ ಹಿಡಿಯಲು. ಸೈನಿಕರಿಗೆ ಪ್ರತ್ಯೇಕ ವಸತಿಗಳು ಆಗಿನ್ನೂ ಇರಲಿಲ್ಲ. ಊರಿನ ಮನೆಮನೆಯಲ್ಲಿ ಅವರಿಗೆ ಕೋಣೆ ಕೊಡಬೇಕು. ಮನೆ ಉಚಿತವೆಂದರೂ ಮನೆಯೊಳಗೆ ಪರಕೀಯನೊಬ್ಬ ಕೋವಿಯೊಡನೆ ಮಲಗಿರುವ ಬಾಳುವೆಯನ್ನು ಯಾವ ಗೃಹಿಣಿ ತಾನೇ ಬಯಸಿಯಾಳು? ದೊರೆಯ ದಫ್ತರದಲ್ಲಿ ಇಟ್ಟಿಗೆಯ ಲೆಕ್ಕವಿತ್ತು, ಮರದ ಲೆಕ್ಕವಿತ್ತು. ಗೃಹಿಣಿಯ ಮನಸ್ಸಿನ ಲೆಕ್ಕವಿರಲಿಲ್ಲ.

1740ರ ಮೇ 31ರಂದು ಫ್ರೆಡರಿಕ್ ವಿಲಿಯಂ ಪಾಟ್ಸ್‌ಡ್ಯಾಮಿನಲ್ಲಿಯೇ ತೀರಿಕೊಂಡನು. ಕೇರಿಯ ಕೆಲಸ ಆಗಿನ್ನೂ ಪೂರ್ಣವಾಗಿರಲಿಲ್ಲ. ತಂದೆಯೊಡನೆ ಎಂದೂ ಹೊಂದದಿದ್ದ ಮಗ ಎರಡನೆಯ ಫ್ರೆಡರಿಕ್ ಈ ಒಂದು ವಿಷಯದಲ್ಲಿ ತಂದೆಯ ಸಂಕಲ್ಪವನ್ನು ಕೈಬಿಡಲಿಲ್ಲ. 1742ರ ವೇಳೆಗೆ ನಾಲ್ಕು ಚೌಕಗಳೂ ಸಿದ್ಧವಾದವು. ಖಾಲಿ ಉಳಿದ ಮನೆಗಳಿಗೆ ಫ್ರೆಂಚ್ ವ್ಯಾಪಾರಿಗಳು, ಪ್ರಷ್ಯದ ಕಸಬುದಾರರು, ಕಲಾವಿದರು, ಸೈನಿಕರ ಸಂಸಾರಗಳು ಬಂದು ಸೇರಿಕೊಂಡರು. ಡಚ್ ಮನೆಯೊಳಗೆ ಜರ್ಮನ್ ಅಡುಗೆ, ಫ್ರೆಂಚ್ ಮಾತು. ಹೀಗೆ ಒಬ್ಬರಿಗೆಂದು ಕಟ್ಟಿದ ಮನೆಯಲ್ಲಿ ಇನ್ನೊಬ್ಬರು ತೊಟ್ಟಿಲು ತೂಗಿದರು.

ಬೌಮನ್ನನೇನೋ ಹಿಂತಿರುಗಲಿಲ್ಲ. ಯಾನ್ ಎಂಬ ಅವನ ಹೆಸರು ಜರ್ಮನರ ಬಾಯಲ್ಲಿ ಯೋಹಾನ್ ಆಯಿತು. ಬಡಗಿಯಾಗಿ ಬಂದವನು ಹೊಸ ದೊರೆಯ ಕಾಲದಲ್ಲಿ ರಾಜ್ಯದ ದೊಡ್ಡ ದೊಡ್ಡ ಕಟ್ಟಡಗಳ ಹೊಣೆ ಹೊತ್ತನು. ಬರ್ಲಿನ್ನಿನಲ್ಲಿ 1747ರಿಂದ 1750ರವರೆಗೆ ಪ್ರಧಾನ ಚರ್ಚನ್ನು ಕಟ್ಟಿದನು. ಅದು ಈಗಿಲ್ಲ, 1893ರಲ್ಲಿ ಅದನ್ನು ಕೆಡವಿ ಅದೇ ಸ್ಥಳದಲ್ಲಿ ಇನ್ನೂ ದೊಡ್ಡದೊಂದನ್ನು ಕಟ್ಟಿದರು. ದೊರೆಯ ತಮ್ಮ ಹೈನ್ರಿಕ್‌ನ ಅರಮನೆ ಇವನ ಕೈಕೆಲಸವೇ. 1810ರಿಂದ ಅದರಲ್ಲಿ ಬರ್ಲಿನ್ ವಿಶ್ವವಿದ್ಯಾಲಯ ನಡೆಯುತ್ತಿದೆ. ಇಂದು ಅದಕ್ಕೆ ಹಂಬೋಲ್ಟ್ ವಿಶ್ವವಿದ್ಯಾಲಯವೆಂದು ಹೆಸರು. ಪಾಟ್ಸ್‌ಡ್ಯಾಮಿನ ಹಳೆಯ ಪುರಭವನವೂ 1750ರ ದಶಕದಲ್ಲಿ ಇವನ ನೇತೃತ್ವದಲ್ಲಿಯೇ ಎದ್ದಿತು. ಇವೆಲ್ಲಕ್ಕಿಂತ ನನಗೆ ವಿಶೇಷವಾಗಿ ಕಾಣುವುದು ಡಚ್ಚರ ಕೇರಿಗೆ ಹೊಂದಿಕೊಂಡಿರುವ ಫ್ರೆಂಚ್ ಚರ್ಚು. ಫ್ರಾನ್ಸಿನಿಂದ ಆಶ್ರಯ ಬೇಡಿ ಬಂದವರ ಸಮುದಾಯಕ್ಕಾಗಿ 1752-53ರಲ್ಲಿ ಇದನ್ನು ಕಟ್ಟಲಾಯಿತು. ನಕ್ಷೆ ಆಸ್ಥಾನದ ಶಿಲ್ಪಿ ಕ್ನೋಬೆಲ್ಸ್‌ಡಾರ್ಫ್‌ನದು. ಕಟ್ಟಿದವನು ಬೌಮನ್. ಪರದೇಶದಿಂದ ಬಂದವರ ಪ್ರಾರ್ಥನಾಮಂದಿರವನ್ನು ಪರದೇಶದಿಂದ ಬಂದವನೇ ಕಟ್ಟಿಕೊಟ್ಟನು.

ಅವನ ಮಕ್ಕಳಿಬ್ಬರು ತಂದೆಯ ವೃತ್ತಿಯನ್ನೇ ಹಿಡಿದರು. ಅವರಲ್ಲಿ ಮಿಖಾಯೆಲ್ ಫಿಲಿಪ್ ಬೌಮನ್ ಎಂಬುವನು 1785-86ರಲ್ಲಿ ಬರ್ಲಿನ್ನಿನಲ್ಲಿ ಬೆಲ್‌ವ್ಯೂ ಎಂಬ ಅರಮನೆಯನ್ನು ಕಟ್ಟಿದನು. ಕಟ್ಟಿಸಿದವನು ರಾಜಕುಮಾರ ಆಗಸ್ಟ್ ಫರ್ಡಿನಾಂಡ್, ಅಂದರೆ ಡಚ್ಚರನ್ನು ಕರೆಸಿದ ಆ ಸೈನಿಕ ದೊರೆಯ ಕಿರಿಯ ಮಗ. ತಂದೆ ತಂದೆಗೆ ಕಟ್ಟಿದನು, ಮಗ ಮಗನಿಗೆ ಕಟ್ಟಿದನು. 1994ರಿಂದ ಬೆಲ್‌ವ್ಯೂ ಜರ್ಮನಿಯ ರಾಷ್ಟ್ರಾಧ್ಯಕ್ಷರ ಪ್ರಧಾನ ಅಧಿಕೃತ ಭವನವೆನಿಸಿದೆ. ಆ ದೇಶದ ಪ್ರಥಮ ಪ್ರಜೆಯ ಭವನವನ್ನು ಕಟ್ಟಿದ ಕೈ ಒಬ್ಬ ವಲಸೆಗಾರ ಬಡಗಿಯ ಮಗನದೆಂಬುದು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ಎಷ್ಟು ಮಂದಿಗೆ ಗೊತ್ತಿದ್ದೀತು! ಹಿರಿಯ ಬೌಮನ್ 1776ರಲ್ಲಿ ಬರ್ಲಿನ್ನಿನಲ್ಲಿ ತೀರಿಕೊಂಡನು.

ಮುಂದಿನ ನೂರೈವತ್ತು ವರ್ಷಗಳಲ್ಲಿ ಕೇರಿಗೆ ಹೇಳಿಕೊಳ್ಳುವಂತಹ ಘಟನೆಗಳು ಕಡಿಮೆ. ಕೊಳವನ್ನು 1825ರಲ್ಲಿ ಮುಚ್ಚಿ ಬಯಲು ಮಾಡಿದರು. ಬೀದಿಗೆ ತೆರೆದ ಎಷ್ಟೋ ಕೋಣೆಗಳಲ್ಲಿ ಅಂಗಡಿಗಳಾದವು. ಮನೆಗಳು ಕೈಯಿಂದ ಕೈಗೆ ಹೋದವು.

1945ರ ಏಪ್ರಿಲ್ 14ರ ರಾತ್ರಿ ಬ್ರಿಟಿಷ್ ವಿಮಾನಗಳು ಪಾಟ್ಸ್‌ಡ್ಯಾಮಿನ ಮೇಲೆ ಬಾಂಬುಗಳನ್ನು ಸುರಿದವು. ಯುದ್ಧ ಮುಗಿಯಲು ಮೂರೇ ವಾರಗಳಿದ್ದವು. ದೊರೆಗಳ ಅರಮನೆ ಸುಟ್ಟಿತು. ಸೈನಿಕ ದೊರೆಯೇ ಕಟ್ಟಿಸಿ, ತನ್ನ ಸಮಾಧಿಗೂ ಆರಿಸಿಕೊಂಡಿದ್ದ ದಂಡಿನ ಚರ್ಚು ಸುಟ್ಟಿತು. ಬೌಮನ್ನನ ಪುರಭವನವೂ ಸುಟ್ಟಿತು. ಕೆಂಪು ಇಟ್ಟಿಗೆಯ ಕೇರಿ ಬಹುಮಟ್ಟಿಗೆ ಪಾರಾಯಿತು. ಅನಂತರ ಬಂದ ಪೂರ್ವ ಜರ್ಮನಿಯ ಸರ್ಕಾರಕ್ಕೆ ಹಳೆಯ ದೊರೆಗಳ ಕುರುಹುಗಳು ಬೇಕಾಗಿರಲಿಲ್ಲ. ಅರಮನೆಯ ಅವಶೇಷವನ್ನು 1959-60ರಲ್ಲಿ ಕೆಡವಿದರು. ಚರ್ಚಿನ ಅವಶೇಷವನ್ನು 1968ರಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಕಟ್ಟಿಸಿದವನ ಅರಮನೆ ಹೋಯಿತು, ಸಮಾಧಿಯ ಸ್ಥಳ ಹೋಯಿತು, ಅವನು ಕಸಬುದಾರರಿಗಾಗಿ ಕಟ್ಟಿಸಿದ ಸಾಮಾನ್ಯ ಮನೆಗಳು ಉಳಿದವು. ಇಂದು ಅರಮನೆಯಿದ್ದ ಸ್ಥಳದಲ್ಲಿ ಕಾಣುವುದು ಹೊರಗಿನಿಂದ ಹಳೆಯದರಂತೆ ತೋರುವ ಹೊಸ ಕಟ್ಟಡ. 2014ರಿಂದ ಅದರಲ್ಲಿ ಬ್ರಾಂಡೆನ್‌ಬರ್ಗ್ ರಾಜ್ಯದ ಶಾಸನಸಭೆ ಸೇರುತ್ತಿದೆ.

ಉಳಿದವು ಎಂದೆನಷ್ಟೆ. ಬಾಂಬಿನಿಂದ ಉಳಿದದ್ದು ನಿಜ, ಉಪೇಕ್ಷೆಯಿಂದ ಉಳಿಯುವುದು ಅದಕ್ಕಿಂತ ಕಷ್ಟವಾಯಿತು. ಪೂರ್ವ ಜರ್ಮನಿಯಲ್ಲಿ ಬಾಡಿಗೆಯನ್ನು ಬಹಳ ಕಡಿಮೆ ಮಟ್ಟದಲ್ಲಿ ನಿಗದಿಗೊಳಿಸಿದ್ದರು. ಬಡವರಿಗೆ ಅದು ಅನುಕೂಲವೇ. ಆದರೆ ಆ ಬಾಡಿಗೆಯಿಂದ ಹಳೆಯ ಮಾಡಿನ ಹಂಚನ್ನು ಸಹ ಬದಲಾಯಿಸುವಂತಿರಲಿಲ್ಲ. ಸರ್ಕಾರದ ಸಿಮೆಂಟು, ಸರ್ಕಾರದ ಗೌಂಡಿಗಳು ಎಲ್ಲವೂ ಊರ ಹೊರಗಿನ ಕಾಂಕ್ರೀಟು ಬಡಾವಣೆಗಳಿಗೆ ಹೋಗುತ್ತಿದ್ದವು. ಬಿಸಿನೀರು, ಒಳಗಿನ ಶೌಚಾಲಯ ದೊರೆಯುವ ಹೊಸ ಮನೆಗಳಿಗೆ ಸಂಸಾರಸ್ಥರು ಹೊರಟುಹೋದರು. ಅವರನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ಚಳಿಗಾಲದಲ್ಲಿ ಅಂಗಳ ದಾಟಿ ಬಹಿರ್ದೆಸೆಗೆ ಹೋಗಬೇಕಾದ ಮುದುಕಿಗೆ ಇತಿಹಾಸದ ಮಹಿಮೆಯನ್ನು ಬೋಧಿಸುವುದು ಸುಲಭವಲ್ಲ. ಹಂಚು ಜಾರಿತು, ಮಳೆ ಒಳಗಿಳಿಯಿತು, ತೊಲೆಗಳಿಗೆ ಬೂಷ್ಟು ಹಿಡಿಯಿತು. ಮಾಡು ಸೋರಿದ ಮನೆ ಎಷ್ಟು ದಿನ ನಿಂತೀತೆಂಬುದು ನಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ. 1980ರ ದಶಕದ ಹೊತ್ತಿಗೆ ಕೇರಿಯಲ್ಲಿ ಬಾಗಿಲು ಮುಚ್ಚಿದ ಮನೆಗಳು ಸಾಲುಗಟ್ಟಿ ನಿಂತಿದ್ದವು.

ಆ ಖಾಲಿ ಮನೆಗಳಿಗೆ ಮತ್ತೆ ಕರೆಯದ ಅತಿಥಿಗಳೇ ಬಂದರು. ವಸತಿ ದೊರೆಯದ ತರುಣ ತರುಣಿಯರು ಯಾರ ಅನುಮತಿಯನ್ನೂ ಕೇಳದೆ ಬೀಗ ತೆಗೆದು ಒಳಹೊಕ್ಕು, ಒಡೆದ ಗಾಜಿಗೆ ಹಲಗೆ ಬಡಿದು, ಒಲೆ ಹೊತ್ತಿಸಿ ಸಂಸಾರ ಹೂಡಿದರು. ಕಾನೂನಿನ ಕಣ್ಣಿಗೆ ಅವರು ಅತಿಕ್ರಮಿಗಳು. ಆದರೆ ಒಲೆ ಉರಿಯುವ ಮನೆ ಒಣಗಿರುತ್ತದೆ, ಸೋರುವ ಮಾಡಿನ ಕೆಳಗೆ ವಾಸಿಸುವವನು ಒಂದು ಹಂಚನ್ನಾದರೂ ಸರಿಪಡಿಸುತ್ತಾನೆ. ಅದೇ ದಶಕದಲ್ಲಿ ನೆರೆಯ ಬೀದಿಯಲ್ಲಿ ಹಳೆಯ ಮನೆಗಳನ್ನು ಕೆಡವತೊಡಗಿದಾಗ ಊರಿನ ಕೆಲವರು ಧೈರ್ಯ ಮಾಡಿ ಪ್ರತಿಭಟಿಸಿದರು. ಸರ್ಕಾರವನ್ನು ಪ್ರಶ್ನಿಸುವುದು ಅಲ್ಲಿ ಆಗ ಸಣ್ಣ ಮಾತಾಗಿರಲಿಲ್ಲ. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ಉರುಳಿತು. 1990ರಲ್ಲಿ ಎರಡು ಜರ್ಮನಿಗಳು ಒಂದಾದವು. ಅಲ್ಲಿಂದ ಮುಂದೆ ಒಂದೊಂದಾಗಿ ಮನೆಗಳ ಜೀರ್ಣೋದ್ಧಾರ ನಡೆಯಿತು. ಹಣವುಳ್ಳ ಹೊಸ ಒಡೆಯರು ಬಂದರು. ಬೀದಿ ಮತ್ತೆ ಹೊಳೆಯಿತು. ಕಷ್ಟಕಾಲದಲ್ಲಿ ಅಲ್ಲಿ ಬಾಳಿದವರಿಗೆ ಹೊಸ ಬಾಡಿಗೆ ಎಟುಕುವಂತಿರಲಿಲ್ಲ. ಈ ಮಾತನ್ನು ಪ್ರವಾಸಿ ಪುಸ್ತಿಕೆಗಳು ಹೇಳುವುದಿಲ್ಲ.

ನಡುಬೀದಿಯ 8ನೆಯ ಮನೆಯ ಭಾಗ್ಯ ಬೇರೆ. ಎಷ್ಟೋ ಮನೆಗಳಲ್ಲಿ ಒಳಗಿನ ಗೋಡೆಗಳನ್ನು ತೆಗೆದು ಅಂಗಡಿ, ಉಪಾಹಾರಗೃಹಗಳಿಗೆ ತಕ್ಕಂತೆ ಮಾರ್ಪಡಿಸಿದ್ದರೆ, ಇದರಲ್ಲಿ ಮೂಲದ ರೂಪ ಹೆಚ್ಚು ಕೆಡದೆ ಉಳಿದಿತ್ತು. ಡಚ್ ಸಂಸ್ಕೃತಿಯಲ್ಲಿ ಆಸಕ್ತರಾದ ಊರಿನ ಜನರ ಸಂಘವೊಂದು ಇದರ ಹೊಣೆ ಹೊತ್ತಿತು. 1997ರಲ್ಲಿ ಇದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದಕ್ಕೆ ದೊರೆಯ ಹೆಸರನ್ನಿಡದೆ ಯಾನ್ ಬೌಮನ್ ಮನೆ ಎಂದು ಕರೆದರು. ಯೋಹಾನ್ ಎಂದಲ್ಲ, ಅವನು ಆಮ್‌ಸ್ಟರ್‌ಡ್ಯಾಮಿನಿಂದ ಹೊತ್ತು ತಂದ ಯಾನ್ ಎಂಬ ಹೆಸರೇ.

ಒಳಗೆ ಹೋದವರಿಗೆ ಅಲ್ಲಿ ರತ್ನಗಂಬಳಿಯೂ ಇಲ್ಲ, ಸಿಂಹಾಸನವೂ ಇಲ್ಲ. ಸವೆದ ಮರದ ಮೆಟ್ಟಿಲು, ಇಕ್ಕಟ್ಟಾದ ಕೋಣೆಗಳು, ಕೇರಿ ಎದ್ದ ಬಗೆಯನ್ನು ತೋರಿಸುವ ಚಿತ್ರಗಳು. ಹಿಂಬಾಗಿಲಿನಿಂದ ಹೊರಬಂದರೆ ಅಂಗಳ, ಅದರ ಮಗ್ಗುಲಲ್ಲಿ ಆ ಚಿಕ್ಕ ಕಟ್ಟಡ, ಅದಕ್ಕೂ ಆಚೆ ತೋಟ. ನೀರು ನಿಲ್ಲುತ್ತಿದ್ದ ಅದೇ ನೆಲದಲ್ಲಿ ಈಗ ಹೂವಿನ ಮಡಿಗಳಿವೆ.